ಮಷೀನ್ ಕೂಗಿತು, ಮಲ್ಲಪ್ಪ ಕಳ್ಳನಾದ

ಹರಳು ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳು ನನ್ನ ಮನೆಗೆ ಬಂದು ಚಹಾ ಕುಡಿದು ಕೇಳುವ ಮೊದಲ ಪ್ರಶ್ನೆ ಒಂದೇ. ‘ಯಾವ ಮಷೀನ್ ತಗೊಂಡ್ರ ಚಲೋ ಅಕ್ಕಾರ?’ ಕೇಳಿದ ಕೂಡಲೇ ನನಗೆ ಮೈಯೆಲ್ಲ ಉರಿಯುತ್ತದೆ. ಹರಳು ಹೇಗೆ ನೋಡಬೇಕು ಅಂತ ಒಬ್ಬರಾದರೂ ಕೇಳುವುದಿಲ್ಲ. ಮಷೀನ್ ಸುಮ್ಮನಿದ್ದರೆ ಪಾಸು, ಕೂಗಿದರೆ ನಪಾಸು, ಇಷ್ಟೇ ಆಗಿಹೋಗಿದೆ ನಮ್ಮ ವಿದ್ಯೆ. ಆ ಕೂಗಿನಿಂದ ಒಬ್ಬ ಮನುಷ್ಯ ಕಳ್ಳನಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ನಾನು ನಿಪ್ಪಾಣಿಯ ಒಂದು ಬಂಗಾರದ ಪೇಢಿಯಲ್ಲಿ, ಅಂದರೆ ಅಂಗಡಿಯಲ್ಲಿ, ಹರಳು ಪರೀಕ್ಷೆ ಮಾಡುತ್ತಿದ್ದವಳು. ತವರು ಕಾಗವಾಡ. ಚಿಕ್ಕೋಡಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದೆ, ಮುಂಬಯಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ರತ್ನಪರೀಕ್ಷೆ ಕಲಿತೆ. ಕೆಲಸಕ್ಕೆ ಸೇರಿದಾಗ ಪೇಟೆಯವರೆಲ್ಲ ನಕ್ಕರು. ‘ಹೆಣ್ಮಕ್ಕಳು ವಜ್ರ ಹಾಕ್ಕೊಳ್ಳೂದು ಕೇಳೇವಿ, ವಜ್ರದ ಪರೀಕ್ಷಾ ಮಾಡೂದು ಕೇಳಿಲ್ಲ’ ಅಂದರು. ಹಿರಿಯ ಸಾವಕಾರರು, ಅಂದರೆ ಪೇಢಿಯ ಮಾಲಕರು, ಒಬ್ಬರೇ ನಗಲಿಲ್ಲ. ಉತ್ತರದ ಕಿಟಕಿಯ ಪಕ್ಕ ನನಗೊಂದು ಮೇಜು ಹಾಕಿಸಿಕೊಟ್ಟರು. ಬಿಸಿಲು ನೇರವಾಗಿ ಬೀಳದ ಉತ್ತರದ ಬೆಳಕಿನಲ್ಲೇ ಹರಳಿನ ಬಣ್ಣ ಸರಿಯಾಗಿ ಕಾಣುವುದು. ಇದು ಅವರಿಗೆ ಹೇಳದೆಯೇ ಗೊತ್ತಿತ್ತು.

ಕೆಲಸ ಅಂದರೆ ಏನು? ಮೊದಲು ಹರಳನ್ನು ತೊಳೆಯುವುದು. ಆಮೇಲೆ ಕಣ್ಣಿಗೆ ಲೂಪ್ ಹಚ್ಚುವುದು. ಲೂಪ್ ಅಂದರೆ ಹೆಬ್ಬೆರಳಿನಷ್ಟು ಚಿಕ್ಕ ಭೂತಗನ್ನಡಿ. ಅದರಲ್ಲಿ ಹರಳಿನ ಮುಖಗಳು ಸೇರುವ ಗೆರೆ ಚೂಪಾಗಿದೆಯೋ ಸವೆದಿದೆಯೋ, ಒಳಗೆ ಗುಳ್ಳೆ ಇದೆಯೋ ಚುಕ್ಕೆ ಇದೆಯೋ ಅಂತ ತಾಳ್ಮೆಯಿಂದ ನೋಡುವುದು. ನೋಡಿ ನೋಡಿ ಕಣ್ಣು ಪಳಗಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ಇದೆ ಅಂತ ಯಾರಾದರೂ ಹೇಳಿದರೆ ಅವರು ನಿಮಗೆ ಏನೋ ಮಾರಲು ಬಂದಿದ್ದಾರೆ ಅಂತ ತಿಳಿಯಿರಿ.

ಮೊದಲ ಮಷೀನ್ ಬಂದದ್ದು ಪೆನ್ನಿನಂಥದ್ದು. ಅದರ ತುದಿ ಬಿಸಿ ಇರುತ್ತದೆ. ವಜ್ರ ಶಾಖವನ್ನು ಸರಕ್ಕನೆ ಎಳೆದುಕೊಳ್ಳುತ್ತದೆ, ಗಾಜು ಎಳೆದುಕೊಳ್ಳುವುದಿಲ್ಲ. ತುದಿ ಎಷ್ಟು ಬೇಗ ತಣ್ಣಗಾಯಿತು ಅನ್ನುವುದನ್ನು ನೋಡಿ ಪೆನ್ನು ದೀಪ ಹೊತ್ತಿಸುತ್ತದೆ. ಒಳ್ಳೆಯ ಸಾಧನವೇ. ಆದರೆ ಕೊಳೆ ಎಷ್ಟಿದೆ ಅಂತ ಅದಕ್ಕೇನು ಗೊತ್ತು? ಸತ್ತಿ ಅನ್ನುವ ಹಳ್ಳಿಯಿಂದ ಬಂದಿದ್ದ ಒಬ್ಬ ಅಜ್ಜಿಯ ಮೂಗುತಿಗೆ ನಮ್ಮ ಸೇಲ್ಸ್‌ಮನ್ ಪೆನ್ನು ಮುಟ್ಟಿಸಿ, ಎಲ್ಲರಿಗೂ ಕೇಳುವ ಹಾಗೆ ‘ಗಾಜು’ ಅಂದುಬಿಟ್ಟ. ಅಜ್ಜಿ ಅಲ್ಲೇ ಕುಸಿದು ಕೂತಳು. ‘ನಮ್ಮ ಅತ್ತಿ ಕೊಟ್ಟದ್ದು ತಾಯಿ. ಅಕಿ ನನಗ ಗಾಜು ಕೊಡೂ ಹೆಣ್ಮಗಳಲ್ಲ’ ಅಂತ ಅಳತೊಡಗಿದಳು. ನಾನು ಮೂಗುತಿ ಇಸಿದುಕೊಂಡು ನೋಡಿದೆ. ವರ್ಷಗಟ್ಟಲೆ ಹಚ್ಚಿದ ಅರಿಸಿನ, ಕೊಬ್ಬರಿ ಎಣ್ಣೆ ಎಲ್ಲ ಸೇರಿ ಹರಳಿನ ಮೇಲೆ ಒಂದು ಪದರವೇ ಕಟ್ಟಿತ್ತು. ಅಂಟುವಾಳದ ನೀರಿನಲ್ಲಿ ನೆನೆಹಾಕಿ ಮೆತ್ತಗಿನ ಬ್ರಷ್ಷಿನಲ್ಲಿ ಉಜ್ಜಿದೆ. ಅಪ್ಪಟ ವಜ್ರ. ಆ ಸೇಲ್ಸ್‌ಮನ್‌ಗೆ ಅಂದು ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಆಮೇಲೆ ಮೊಯ್ಸನೈಟ್ ಬಂತು. ಅದು ವಜ್ರವಲ್ಲ, ಸಿಲಿಕಾನ್ ಮತ್ತು ಇಂಗಾಲ ಕೂಡಿಸಿ ಮಾಡಿದ ಹರಳು. ಶಾಖವನ್ನು ಹೆಚ್ಚುಕಡಿಮೆ ವಜ್ರದ ಹಾಗೇ ಎಳೆಯುವುದರಿಂದ ಶಾಖದ ಪೆನ್ನು ಅದಕ್ಕೂ ಪಾಸು ಕೊಟ್ಟಿತು. ಪೇಟೆಯಲ್ಲಿ ಹಾಹಾಕಾರ. ಅದಕ್ಕೆ ಪರಿಹಾರ ಅಂತ ಎರಡನೆಯ ಪೆನ್ನು ಬಂತು. ಇದು ವಿದ್ಯುತ್ತಿನದು. ಮೊಯ್ಸನೈಟಿನಲ್ಲಿ ತುಸು ವಿದ್ಯುತ್ ಹರಿಯುತ್ತದೆ, ಸಾಮಾನ್ಯ ವಜ್ರದಲ್ಲಿ ಹರಿಯುವುದಿಲ್ಲ. ಹರಿದರೆ ಪೆನ್ನು ‘ಕೀಂಯ್’ ಅಂತ ಕೂಗುತ್ತದೆ. ಆದರೆ ಪೆನ್ನಿಗೆ ಗೊತ್ತಾಗುವುದು ಇಲ್ಲಿ ವಿದ್ಯುತ್ ಹರಿಯಿತು ಅನ್ನುವುದಷ್ಟೇ. ಯಾಕೆ ಹರಿಯಿತು ಅಂತ ಗೊತ್ತಾಗುವುದಿಲ್ಲ. ಇಷ್ಟನ್ನು ನಮ್ಮ ಪೇಟೆಯವರ ತಲೆಯೊಳಗೆ ಇಳಿಸಲು ನಾನು ಗಂಟಲು ಹರಿದುಕೊಂಡದ್ದೇ ಬಂತು.

ಮುಗಳಖೋಡದ ಒಬ್ಬ ವ್ಯಾಪಾರಿ ಈ ಪೆನ್ನು ತಂದ ವಾರದಲ್ಲೇ ಒಂದು ಡಬ್ಬಿ ಉಂಗುರ ಹೊತ್ತು ಓಡಿಬಂದ. ‘ಕುತ್ತಿಗಿ ಕೊಯ್ದಾರ್ರಿ ಅಕ್ಕಾರ ನನಗ! ಒಂದೂ ಖರೇ ವಜ್ರ ಇಲ್ರಿ, ಎಲ್ಲಾ ಕೂಗತಾವು!’ ಅಂದ. ಬರುವ ಮೊದಲೇ ಮಾಲು ಕೊಟ್ಟವನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದಿದ್ದ. ‘ಎಲ್ಲಿ, ಹೆಂಗ ಮುಟ್ಟಸ್ತಿ ತೋರ್ಸು’ ಅಂದೆ. ತೋರಿಸಿದ. ಪೆನ್ನಿನ ತುದಿಯನ್ನು ಹರಳಿಗೆ ಮುಟ್ಟಿಸುವ ಬದಲು ಹರಳು ಹಿಡಿದಿರುವ ಬಂಗಾರದ ಉಗುರಿಗೆ ಒತ್ತಿ ಹಿಡಿಯುತ್ತಿದ್ದ. ಬಂಗಾರದಲ್ಲಿ ವಿದ್ಯುತ್ ಹರಿಯದೆ ಇನ್ನೇನು? ‘ಹಂಗಂದ್ರ ನಾ ಇಷ್ಟೊತ್ತನಕ ಬಂಗಾರದ ಪರೀಕ್ಷಾ ಮಾಡಾಕತ್ತಿದ್ದೆನೇನ್ರಿ?’ ಅಂದ. ‘ಹೌದಪ್ಪಾ, ಬಂಗಾರ ಪಾಸಾಗೇತಿ. ಈಗ ಆ ಬೈಸ್ಕೊಂಡವ್ಗ ಫೋನ್ ಹಚ್ಚು’ ಅಂದೆ. ಇಂಥ ತಪ್ಪಿಗೆ ನಕ್ಕು ಬಿಡಬಹುದು. ಎಲ್ಲ ತಪ್ಪುಗಳೂ ಹೀಗೆ ನಕ್ಕು ಮುಗಿಯುವುದಿಲ್ಲ.

ಹಿರಿಯ ಸಾವಕಾರರು ತೀರಿಕೊಂಡ ಮೇಲೆ ಮಗ ವಸಂತರಾವ್ ಗಾದಿಗೆ ಬಂದರು. ಕೆಟ್ಟ ಮಾತಿನವರಲ್ಲ, ನಗುನಗುತ್ತಲೇ ಮಾತಾಡುವವರು. ಆದರೆ ಅವರಿಗೆ ಎಲ್ಲವೂ ಬೇಗ ಆಗಬೇಕು, ಎಲ್ಲವೂ ಗಿರಾಕಿಗೆ ಕಾಣಬೇಕು, ಕೇಳಬೇಕು. ಬಂದ ವರ್ಷವೇ ಪೇಢಿಯ ಮುಂದೆ ದೊಡ್ಡ ದೀಪದ ಬೋರ್ಡು ನಿಲ್ಲಿಸಿದರು. ಅದು ನನ್ನ ಉತ್ತರದ ಕಿಟಕಿಯನ್ನು ಪೂರ್ತಿ ಮುಚ್ಚಿತು. ಕೇಳಿದ್ದಕ್ಕೆ, ‘ಟ್ಯೂಬ್‌ಲೈಟ್ ಹಾಕ್ಸಿ ಕೊಡ್ತೀನ್ರಿ ಮ್ಯಾಡಮ್, ಬೆಳಕ ಬೆಳಕ ಅಲ್ಲೇನ್ರಿ?’ ಅಂದರು. ಬೆಳಕು ಬೆಳಕೇ ಅಂತೆ!

ಆಮೇಲೆ ವಿದ್ಯುತ್ ಪೆನ್ನು ಕೌಂಟರಿಗೇ ಬಂತು. ಗಿರಾಕಿಯ ಎದುರಿಗೇ ಸೇಲ್ಸ್‌ಮನ್ ಮುಟ್ಟಿಸಿ ತೋರಿಸಬೇಕು. ‘ನಿಮ್ಮ ಲೂಪಿನ್ಯಾಗ ಏನ ಕಾಣತೈತೋ ಗಿರಾಕಿಗೆ ಕಾಣಂಗಿಲ್ರಿ ಮ್ಯಾಡಮ್. ಆವಾಜ ಎಲ್ಲರಿಗೂ ಕೇಳತೈತಿ’ ಅಂದರು. ಅದಕ್ಕೂ ಮೊದಲಿನಿಂದ ಕೆಲವು ಮಾಲು ನನ್ನ ಮೇಜಿಗೆ ಬಾರದೆ ನೇರವಾಗಿ ಕಪಾಟಿಗೆ ಹೋಗುತ್ತಿತ್ತು. ಹೊರಗಿನ ದಲಾಲರು ತಂದ ವಜ್ರದ ಪೊಟ್ಟಣಗಳು. ನಾನು ಕೇಳಿದರೆ ‘ಅವಸರ ಇತ್ರಿ’ ಅನ್ನುವುದು. ಮದುವೆ ಸೀಸನ್ ಅಂದರೆ ಅವಸರ, ಹಬ್ಬ ಅಂದರೆ ಅವಸರ.

ಈಗ ಮಲ್ಲಪ್ಪನ ವಿಷಯಕ್ಕೆ ಬರುತ್ತೇನೆ.

ಮಲ್ಲಪ್ಪ ಪತ್ತಾರ ನಮ್ಮ ಪೇಢಿಗೆ ಹರಳು ಕೂರಿಸಿ ಕೊಡುತ್ತಿದ್ದ ಅಕ್ಕಸಾಲಿಗ. ಹಿಂದಿನ ಓಣಿಯಲ್ಲಿ ಅವನದೊಂದು ಸಣ್ಣ ಕೋಣೆ. ಪೇಢಿಯವರು ಮಾತ್ರವಲ್ಲ, ಓಣಿಯ ಹೆಣ್ಣುಮಕ್ಕಳೆಲ್ಲ ಕಿವಿಯೋಲೆ ಸಡಿಲಾದರೆ ಅವನ ಹತ್ತಿರವೇ ಹೋಗುತ್ತಿದ್ದರು. ರಶೀದಿ ಇಲ್ಲ, ತೂಕ ಇಲ್ಲ. ‘ಮಲ್ಲಪ್ಪಣ್ಣ, ಸಂಜಿ ಬರ್ತೀನಿ’ ಅಂತ ಕೈಯಲ್ಲಿಟ್ಟು ಹೋಗುವುದು. ಅಷ್ಟು ನಂಬಿಕೆ. ಅವನ ಬದುಕು ನಿಂತಿದ್ದೇ ಆ ನಂಬಿಕೆಯ ಮೇಲೆ.

ಅಥಣಿಯ ದ್ರಾಕ್ಷಿ ತೋಟದವರ ಮನೆಯ ಸುನಂದಾಬಾಯಿ ಅನ್ನುವವರು ನಮ್ಮಲ್ಲಿ ಒಂಟಿ ವಜ್ರದ ಉಂಗುರ ಕೊಂಡಿದ್ದರು. ವಿದ್ಯುತ್ ಪೆನ್ನು ಬರುವ ಮೊದಲು ಕೊಂಡದ್ದು. ನಾನು ನೋಡದೆ ಕಪಾಟಿಗೆ ಹೋದ ಮಾಲಿನಲ್ಲಿ ಅದೂ ಒಂದು. ಹರಳು ಅಲುಗಾಡುತ್ತದೆ ಅಂತ ಆಕೆ ಅದನ್ನು ತಂದುಕೊಟ್ಟರು. ಪೇಢಿಯವರು ಪೆನ್ನು ಮುಟ್ಟಿಸಿ ನೋಡದೆ ಹಾಗೇ ಮಲ್ಲಪ್ಪನಿಗೆ ಕಳಿಸಿದರು. ಅವನು ಹರಳು ತೆಗೆಯಲೂ ಇಲ್ಲ, ಉಗುರು ಒತ್ತಿ ಬಿಗಿ ಮಾಡಿ, ಉಜ್ಜಿ ಹೊಳಪು ಕೊಟ್ಟು ತಂದುಕೊಟ್ಟ. ಸುನಂದಾಬಾಯಿ ಒಯ್ಯಲು ಬಂದಾಗ ಕೌಂಟರಿನ ಹುಡುಗಿ ರೂಢಿಯಂತೆ ವಿದ್ಯುತ್ ಪೆನ್ನು ಮುಟ್ಟಿಸಿದಳು.

ಕೀಂಯ್.

ಮತ್ತೆ ಮುಟ್ಟಿಸಿದಳು. ಮತ್ತೆ ಕೀಂಯ್. ಅಂಗಡಿ ತುಂಬ ಜನ. ಸುನಂದಾಬಾಯಿಯ ಮುಖ ಕೆಂಪಾಯಿತು. ‘ಇದು ನನ್ನ ಹರಳಲ್ಲ’ ಅಂದರು. ವಸಂತರಾವ್ ಒಂದು ಗಳಿಗೆಯೂ ಯೋಚಿಸಲಿಲ್ಲ. ಮಲ್ಲಪ್ಪನನ್ನು ಕರೆಸಿದರು. ಎಲ್ಲರೆದುರಿಗೇ, ‘ಹರಳ ಎಲ್ಲಿಟ್ಟಿ ಮಲ್ಲಪ್ಪ? ತಂದು ಕೊಡು, ಮಾತು ಇಲ್ಲಿಗೇ ಮುಗಸೂಣು’ ಅಂದರು.

‘ಯಾವ ಹರಳ್ರಿ ಸಾವಕಾರ್ರ?’ ಅಂದ ಮಲ್ಲಪ್ಪ. ಪಾಪ, ಅವನಿಗೆ ಏನು ನಡೆದಿದೆ ಅಂತಲೇ ಗೊತ್ತಿರಲಿಲ್ಲ.

ನಾನು ಉಂಗುರ ಇಸಿದುಕೊಂಡು ಲೂಪಿನಲ್ಲಿ ನೋಡಿದೆ. ಮೊಯ್ಸನೈಟ್ ಆಗಿದ್ದರೆ ಮೇಲಿನ ಮುಖದಿಂದ ತುಸು ಓರೆಯಾಗಿ ನೋಡಿದಾಗ ಹಿಂದಿನ ಗೆರೆಗಳು ಎರಡೆರಡಾಗಿ ಕಾಣಬೇಕು. ಬೆಳಕು ಅದರೊಳಗೆ ಎರಡಾಗಿ ಸೀಳಿಹೋಗುತ್ತದೆ. ಇದರಲ್ಲಿ ಒಂದೊಂದೇ ಗೆರೆ, ನಿಚ್ಚಳವಾಗಿ. ‘ಇದು ಮೊಯ್ಸನೈಟ್ ಅಲ್ರಿ, ವಜ್ರ’ ಅಂದೆ.

‘ಹಂಗಾದ್ರ ಮಷೀನ್ ಸುಳ್ಳ ಹೇಳತೈತೇನ್ರಿ ಮ್ಯಾಡಮ್?’ ವಸಂತರಾವ್ ನಗುತ್ತಲೇ ಕೇಳಿದರು. ಸುತ್ತ ನಿಂತವರೂ ನಕ್ಕರು. ನನ್ನ ಇಷ್ಟು ವರ್ಷದ ಕಣ್ಣಿಗಿಂತ ಬ್ಯಾಟರಿ ಹಾಕಿದ ಒಂದು ಪೆನ್ನು ದೊಡ್ಡದಾಯಿತು. ನನ್ನ ಮಾತು ಬಿಡಿ, ಅಲ್ಲಿ ಒಬ್ಬ ಮನುಷ್ಯನ ಮಾನ ಹೋಗುತ್ತಿತ್ತು.

ಕೊನೆಗೆ ಸಾವಕಾರರೇ ತೀರ್ಪು ಕೊಟ್ಟರು. ‘ಪೋಲೀಸ್ ಗೀಲೀಸ್ ಬ್ಯಾಡ, ಹಳೇ ಮನುಷ್ಯಾ ಅದಾನ. ಬರೂ ಸೋಮವಾರ ಯಡೂರಿಗೆ ಹೋಗೂಣು. ವೀರಭದ್ರನ ಮುಂದ ನಿಂತು, ನಾ ಬದಲಿ ಮಾಡಿಲ್ಲ ಅಂತ ಆಣಿ ಮಾಡ್ಲಿ. ದೇವ್ರು ನೋಡ್ಕೊಳ್ತಾನ.’

ಕೇಳಿದವರಿಗೆ ಎಂಥ ದೊಡ್ಡ ಮನಸ್ಸು ಅನ್ನಿಸಿರಬೇಕು. ನಮ್ಮ ಕಡೆ ಯಡೂರಿನ ವೀರಭದ್ರನ ಮುಂದೆ ಸುಳ್ಳು ಆಣೆ ಮಾಡಲು ಎಂಥವನೂ ಹೆದರುತ್ತಾನೆ. ಹಾಗೆಯೇ, ಆಣೆಗೆ ಕರೆಸಿಕೊಂಡವನ ಮೇಲಿನ ಅನುಮಾನ ಆಣೆ ಮಾಡಿದ ಮೇಲೂ ಪೂರ್ತಿ ಹೋಗುವುದಿಲ್ಲ. ನಾಳೆ ಅವನ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೂ, ‘ನೋಡ್ರಿ, ಸುಳ್ಳ ಆಣಿ’ ಅನ್ನುತ್ತಾರೆ. ಇದು ವಸಂತರಾವ್‌ಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಮಲ್ಲಪ್ಪ, ‘ಈಗ ಬೇಕಾದ್ರ ಈಗ ನಡೀರಿ’ ಅಂದ. ಅಷ್ಟೇ ಅಂದದ್ದು.

ಆ ವಾರ ಅವನ ಕೋಣೆಯ ಮುಂದೆ ಹೋದಾಗ ನಾನು ಕಂಡದ್ದು ಹೇಳುತ್ತೇನೆ. ರಿಪೇರಿಗೆ ಕೊಟ್ಟವರೆಲ್ಲ ಬಂದು ತಮ್ಮ ತಮ್ಮ ಒಡವೆ ವಾಪಸ್ ಒಯ್ಯುತ್ತಿದ್ದರು. ಒಯ್ಯುವ ಮೊದಲು ಅವನೆದುರಿಗೇ ಬಿಸಿಲಿಗೆ ಹಿಡಿದು ಹರಳು ಎಣಿಸುತ್ತಿದ್ದರು. ‘ಮಲ್ಲಪ್ಪಣ್ಣ’ ಅಂತಿದ್ದವರು ಹೆಸರು ಹಿಡಿದು ಕರೆಯದೆ ‘ಏನ್ರಿ, ನಂದು ಕೊಡ್ರಿ’ ಅಂತಿದ್ದರು. ಅವನು ಚಿಮಟ ಕೆಳಗಿಟ್ಟು ಸುಮ್ಮನೆ ಕೂತಿದ್ದ. ‘ಕಳ್ಳ ಅಂದ್ರು ಅಕ್ಕಾರ, ಅದೂ ಗಿರಾಕಿ ಮುಂದ’ ಅಂದ. ಮನೆಗೆ ಹೋದರೆ ಊಟ ಸೇರಲಿಲ್ಲ.

ವಜ್ರ ಅಂತ ನನ್ನ ಕಣ್ಣು ಹೇಳುತ್ತಿತ್ತು. ವಿದ್ಯುತ್ ಹರಿಯುತ್ತದೆ ಅಂತ ಪೆನ್ನು ಹೇಳುತ್ತಿತ್ತು. ಎರಡೂ ನಿಜವಾಗಿರಲು ಸಾಧ್ಯವೇ? ಪೆನ್ನು ಮಾರಿದ ಕಂಪನಿಗೆ ಫೋನ್ ಮಾಡಿದೆ. ‘ಬೋರಾನ್ ಇರಬೇಕು ಮೇಡಂ’ ಅಂದ ಅಲ್ಲಿನವನು. ವಜ್ರದೊಳಗೆ ಬೋರಾನ್ ಬೆರೆತಿದ್ದರೆ ವಿದ್ಯುತ್ ಹರಿಯುವುದು ನಿಜ, ಆದರೆ ಅಂಥ ವಜ್ರ ಸಾಮಾನ್ಯವಾಗಿ ನೀಲಿ ಛಾಯೆಯದು. ಇದು ನೀರಿನಂತೆ ಬಿಳಿ. ಹಾಗಿದ್ದರೆ ಉಳಿದದ್ದು ಒಂದೇ ದಾರಿ. ವಿದ್ಯುತ್ ಹರಿಯುತ್ತಿರುವುದು ವಜ್ರದ ಒಡಲಿನಲ್ಲಲ್ಲ, ಅದರ ಚರ್ಮದ ಮೇಲೆ.

ಇದನ್ನು ಈ ಕೆಲಸಕ್ಕೆ ಬರುವವರು ಗಮನವಿಟ್ಟು ಕೇಳಬೇಕು. ವಜ್ರ ಅಂದರೆ ಇಂಗಾಲ. ಒಳಗಿನ ಪ್ರತಿಯೊಂದು ಇಂಗಾಲದ ಪರಮಾಣು ನಾಲ್ಕು ಕೈ ಚಾಚಿ ಅಕ್ಕಪಕ್ಕದ ನಾಲ್ವರನ್ನು ಬಿಗಿಯಾಗಿ ಹಿಡಿದಿರುತ್ತದೆ. ಎಲೆಕ್ಟ್ರಾನುಗಳಿಗೆ ಅಲುಗಾಡಲು ಜಾಗವಿಲ್ಲ, ಆದ್ದರಿಂದ ವಿದ್ಯುತ್ ಹರಿಯುವುದಿಲ್ಲ. ಆದರೆ ಅಂಚಿನಲ್ಲಿರುವ ಪರಮಾಣುವಿನ ಒಂದು ಕೈ ಹೊರಗಡೆ ಖಾಲಿ ಇರುತ್ತದಲ್ಲ, ಅದನ್ನು ಯಾರು ಹಿಡಿಯುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಆಮ್ಲಜನಕ ಹಿಡಿದರೆ ಎಲೆಕ್ಟ್ರಾನುಗಳು ಒಳಗೇ ಭದ್ರ. ಜಲಜನಕ ಹಿಡಿದರೆ ಎಲೆಕ್ಟ್ರಾನುಗಳು ಸುಲಭವಾಗಿ ಹೊರಗೆ ಬರುತ್ತವೆ. ಬರಲು ಹೊರಗೆ ಜಾಗ ಬೇಕು. ಅದನ್ನು ಕೊಡುವುದು ನಮ್ಮ ಗಾಳಿಯ ತೇವ. ಹರಳಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ನೀರಿನ ಪೊರೆ ಕೂತಿರುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕರಗಿ ಅದು ತುಸು ಹುಳಿಯಾಗಿರುತ್ತದೆ. ಆ ಹುಳಿ ನೀರು ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳುತ್ತದೆ.

ಚಿಕ್ಕೋಡಿಯಿಂದ ನಿಪ್ಪಾಣಿಗೆ ಬರುವ ಬಸ್ಸು ಕಿಕ್ಕಿರಿದು ತುಂಬಿದ್ದರೆ ಯಾರೂ ಅಲುಗಾಡಲು ಆಗುವುದಿಲ್ಲ. ಮುಂದಿನ ಸೀಟಿನವನೊಬ್ಬ ಇಳಿದರೆ ಹಿಂದಿನವನು ಅಲ್ಲಿಗೆ ಸರಿಯುತ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ. ಖಾಲಿ ಸೀಟು ಹಿಂದೆ ಹಿಂದೆ ಹೋಗುತ್ತದೆ. ವಜ್ರದ ಚರ್ಮದಲ್ಲಿ ವಿದ್ಯುತ್ ಹರಿಯುವುದೂ ಹೀಗೇ, ಎಲೆಕ್ಟ್ರಾನ್ ಇಳಿದುಹೋದ ಖಾಲಿ ಜಾಗ ಸರಿಯುತ್ತ ಹೋಗುವುದು. ಜಲಜನಕ ಬೇಕು, ತೇವವೂ ಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಪೆನ್ನು ಕೂಗುವುದಿಲ್ಲ.

ಜಲಜನಕ ಎಲ್ಲಿಂದ ಅಂಟುತ್ತದೆ? ನೆಲದಿಂದ ತೆಗೆದ ವಜ್ರಕ್ಕೂ ಎಣ್ಣೆ ಹಚ್ಚಿ ಉಜ್ಜುವಾಗ ತುಸು ಅಂಟಬಹುದು. ಆದರೆ ವಜ್ರ ಜಲಜನಕದಲ್ಲೇ ಹುಟ್ಟಿ ಜಲಜನಕದಲ್ಲೇ ಬೆಳೆಯುವ ಜಾಗವೊಂದಿದೆ. ಅದು ಲ್ಯಾಬು. ಅಲ್ಲಿ ಜಲಜನಕದ ಜೊತೆ ಸ್ವಲ್ಪ ಮೀಥೇನ್ ಸೇರಿಸಿ ಕೆಂಡಕ್ಕಿಂತ ಬಿಸಿ ಮಾಡಿ ಪದರ ಪದರವಾಗಿ ವಜ್ರ ಬೆಳೆಸುತ್ತಾರೆ. ಕಂದು ಛಾಯೆ ಹೋಗಲಿ ಅಂತ ಕೆಲವರು ಕತ್ತರಿಸಿ ಉಜ್ಜಿದ ಮೇಲೂ ಮತ್ತೆ ಜಲಜನಕದಲ್ಲೇ ಕಾಯಿಸುತ್ತಾರೆ. ಕೊನೆಗೆ ಗಟ್ಟಿ ಆಸಿಡಿನಲ್ಲಿ ಕುದಿಸಿದರೆ ಜಲಜನಕ ಹೋಗಿ ಆಮ್ಲಜನಕ ಬಂದು ಕೂರುತ್ತದೆ. ಕುದಿಸದೆ ಕಳಿಸಿದರೆ ಚರ್ಮ ಹಾಗೇ ಉಳಿಯುತ್ತದೆ. ಲ್ಯಾಬಿನ ವಜ್ರ ಖೊಟ್ಟಿ ಅಂತ ನಾನು ಹೇಳುವುದಿಲ್ಲ, ಅದೂ ವಜ್ರವೇ, ಬೆಲೆ ಮಾತ್ರ ನೆಲದ್ದಕ್ಕಿಂತ ತೀರಾ ಕಡಿಮೆ. ಲ್ಯಾಬಿನದು ಅಂತ ಹೇಳಿ ಮಾರಿದರೆ ಯಾರದೂ ತಕರಾರಿಲ್ಲ.

ಮರುದಿನ ವಸಂತರಾವ್ ಕೋಣೆಗೆ ಹೋದೆ. ‘ಹರಳು ತೆಗೆದು ಆಸಿಡಿನ್ಯಾಗ ಕುದಿಸಿ ನೋಡ್ತೀನ್ರಿ. ಮ್ಯಾಲೆ ಜಲಜನಕ ಅಂಟಿರಬೇಕು ಅಂತ ನನ್ನ ಅಂದಾಜು’ ಅಂದೆ. ಲ್ಯಾಬ್ ಅನ್ನುವ ಶಬ್ದ ನನ್ನ ಬಾಯಿಂದ ಬಂದೇ ಇರಲಿಲ್ಲ.

ಅವರು ಫೋನು ನೋಡುತ್ತಿದ್ದವರು ತಲೆ ಎತ್ತಿ ಸಿಟ್ಟಿನಿಂದ, ‘ಕುದಿಸೇ ಕಳಸ್ತೀವಿ ಅಂದಿದ್ರಲ್ಲ ಸೂಳೇಮಕ್ಕಳು!’ ಅಂದರು.

‘ಯಾರ್ರಿ?’ ಅಂದೆ.

ಅವರ ನಗು ಮೆಲ್ಲಗೆ ವಾಪಸ್ ಬಂತು. ‘ಯಾರೂ ಇಲ್ಲ ಬಿಡ್ರಿ. ಕುದಿಸೂದು ಗಿದಿಸೂದು ಏನೂ ಬ್ಯಾಡ. ಸೋಮವಾರ ಆಣಿ ಆತಂದ್ರ ಮುಗೀತು. ಆ ಬಾಯಾರಿಗೆ ನಾನ ಬ್ಯಾರೆ ಹರಳ ಹಾಕ್ಸಿ ಕೊಡ್ತೀನಿ’ ಅಂದರು.

ಅಷ್ಟರಲ್ಲಿ ನನಗೆ ಎಲ್ಲ ಅರ್ಥವಾಗಿತ್ತು. ಈ ಮನುಷ್ಯನಿಗೆ ಮೊದಲಿನಿಂದ ಗೊತ್ತು. ಲ್ಯಾಬಿನ ಹರಳನ್ನು ನೆಲದ್ದು ಅಂತ ಮಾರಿದ್ದಾರೆ. ಪೆನ್ನು ಕೂಗಿದ ಕೂಡಲೇ ಸುಳ್ಳು ಹೊರಬೀಳಬಹುದು ಅಂತ ಹೆದರಿ, ಹತ್ತಿರ ಸಿಕ್ಕ ಬಡಪಾಯಿಯ ತಲೆಗೆ ಕಟ್ಟಿದ್ದಾರೆ. ಮೇಲೆ ದೇವರನ್ನು ಬೇರೆ ಸಾಕ್ಷಿಗೆ ಕರೆದಿದ್ದಾರೆ! ‘ಹರಳು ನಿಮ್ಮದಲ್ರಿ, ಸುನಂದಾಬಾಯಾರ್ದು. ಅವ್ರನ್ನ ಕೇಳ್ತೀನಿ’ ಅಂತ ಹೇಳಿ ಎದ್ದು ಬಂದೆ. ನಾನು ನಿಜಕ್ಕೂ ಕೇಳುತ್ತೇನೆ ಅಂತ ಅವರು ನಂಬಲಿಲ್ಲ ಅಂತ ಕಾಣುತ್ತದೆ.

ಸೋಮವಾರ ಬೆಳಿಗ್ಗೆ ಪೇಢಿಯ ಮುಂದೆ ಕಾರು ನಿಂತಿತ್ತು. ಸುನಂದಾಬಾಯಿ, ಅವರ ಯಜಮಾನರು, ಸರಾಫ ಪೇಟೆಯ ಇಬ್ಬರು ಹಿರಿಯರು ಬಂದಿದ್ದರು. ಮಲ್ಲಪ್ಪ ತಲೆಗೆ ಸ್ನಾನ ಮಾಡಿ, ಒಗೆದ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು ಮೆಟ್ಟಿಲ ಬದಿಗೆ ನಿಂತಿದ್ದ. ಅವನಿಗೆ ಯಾರೂ ಕೂರು ಅಂದಿರಲಿಲ್ಲ.

ನಾನು ಸುನಂದಾಬಾಯಿಯ ಹತ್ತಿರ ಹೋಗಿ, ‘ನಿಮ್ಮ ಹರಳ ಕುದಿಸಿ ನೋಡಾಕ ಪರವಾನಗಿ ಕೊಡ್ತೀರೇನ್ರಿ? ವಜ್ರ ಆದ್ರ ಅದಕ್ಕೇನೂ ಆಗಂಗಿಲ್ಲ. ಏನರ ಆದ್ರ ಅದು ನನ್ನ ಮ್ಯಾಲೆ’ ಅಂದೆ. ಆಕೆ ಗಂಡನ ಮುಖ ನೋಡಿ, ನನ್ನ ಮುಖ ನೋಡಿ, ‘ಕುದಸ್ರಿ ಅಕ್ಕಾರ’ ಅಂದರು.

‘ಹರಳ ಮಲ್ಲಪ್ಪ ಮುಟ್ಟಬಾರ್ದು’ ಅಂದರು ವಸಂತರಾವ್.

‘ಹಂಗಾದ್ರ ನೀವ ತಗೀರಿ’ ಅಂತ ಚಿಮಟ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ.

ಎಲ್ಲರೂ ಒಳಗೆ ಹೋದೆವು, ಮಲ್ಲಪ್ಪ ಉಂಗುರ ಹಿಡಿದು ನನ್ನ ಮೇಜಿಗೆ ಕೂತ. ಎಲ್ಲರೂ ಸುತ್ತ ನಿಂತು ಅವನ ಬೆರಳುಗಳನ್ನೇ ನೋಡುತ್ತಿದ್ದರು. ಹರಳು ಬಿಡಿಸಿ ನನ್ನ ಅಂಗೈಯಲ್ಲಿಟ್ಟು, ತನ್ನೆರಡೂ ಕೈ ಬಿಡಿಸಿ ಎಲ್ಲರಿಗೂ ತೋರಿಸಿದ. ಯಾರೂ ಕೇಳಿರಲಿಲ್ಲ.

ನನ್ನ ಮಾದರಿ ಡಬ್ಬಿಯಿಂದ ಒಂದು ನಿಜವಾದ ಮೊಯ್ಸನೈಟ್ ತೆಗೆದೆ. ಎರಡನ್ನೂ ಲೋಹದ ತಟ್ಟೆಯ ಮೇಲಿಟ್ಟು ಪೆನ್ನು ಮುಟ್ಟಿಸಿದೆ. ಎರಡೂ ಕೂಗಿದವು. ‘ನೋಡ್ರಿ, ಎರಡೂ ಒಂದ ಜಾತಿ’ ಅಂದರು ವಸಂತರಾವ್. ಬಂಗಾರ ಪರೀಕ್ಷೆಯ ಕೋಣೆಯಲ್ಲಿ ಗಾಳಿ ಎಳೆಯುವ ಫ್ಯಾನ್ ಹಚ್ಚಿ, ಗಾಜಿನ ಪಾತ್ರೆಯಲ್ಲಿ ಗಂಧಕಾಮ್ಲಕ್ಕೆ ಪೆಟ್ಲುಪ್ಪು ಹಾಕಿ, ಎರಡೂ ಹರಳು ಅದರಲ್ಲೇ ಬಿಟ್ಟು ಕಾಯಿಸಿದೆ. ಕಂದು ಹೊಗೆ ಎದ್ದಿತು. ಜನ ಬಾಗಿಲ ಹೊರಗೆ ಮೂಗು ಮುಚ್ಚಿ ನಿಂತರು. ಇದನ್ನು ನೀವು ಯಾರೂ ಮನೆಯಲ್ಲಿ ಮಾಡಲು ಹೋಗಬೇಡಿ, ಕಣ್ಣು ಕೈ ಕಳೆದುಕೊಳ್ಳುತ್ತೀರಿ. ಚೆನ್ನಾಗಿ ಕಾದ ಮೇಲೆ ಇಳಿಸಿ, ಪೂರ್ತಿ ಆರಲು ಬಿಟ್ಟು, ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಒರೆಸಿ, ಅದೇ ತಟ್ಟೆಯ ಮೇಲಿಟ್ಟೆ. ಪೆನ್ನನ್ನು ಸುನಂದಾಬಾಯಿಯ ಕೈಗೇ ಕೊಟ್ಟೆ.

ಮೊಯ್ಸನೈಟಿಗೆ ಮುಟ್ಟಿಸಿದರು. ಕೀಂಯ್. ಅದರಲ್ಲಿ ವಿದ್ಯುತ್ ಹರಿಯುವುದು ಒಡಲಿನಲ್ಲಿ, ಆಸಿಡ್ ಅದನ್ನೇನು ಮಾಡೀತು? ಆಮೇಲೆ ಉಂಗುರದ ಹರಳಿಗೆ ಮುಟ್ಟಿಸಿದರು. ಪೆನ್ನು ಸುಮ್ಮನಿತ್ತು. ಒತ್ತಿ ಹಿಡಿದರು. ಸುಮ್ಮನಿತ್ತು. ಶಾಖದ ಪೆನ್ನು ಮುಟ್ಟಿಸಿದರು. ವಜ್ರ ಅಂತ ದೀಪ ಹೊತ್ತಿತು. ಲೂಪ್ ಕೊಟ್ಟು ಎರಡನ್ನೂ ತೋರಿಸಿದೆ. ‘ಅಯ್ಯ, ಇದರಾಗ ಗೆರಿ ಎರ್ಡೆರ್ಡು ಅದಾವು, ನಮ್ಮದರಾಗ ಒಂದ!’ ಅಂದರು ಸುನಂದಾಬಾಯಿ. ನಾನು ಜಲಜನಕದ ಮಾತು, ಲ್ಯಾಬಿನ ಮಾತು ಎಲ್ಲ ಬಿಡಿಸಿ ಹೇಳಿದೆ. ‘ಇದು ಲ್ಯಾಬಿಂದ ಅಂತ ಈ ಒಂದು ಪರೀಕ್ಷಾದಿಂದ ಖಾತ್ರಿ ಹೇಳಾಕ ಬರಂಗಿಲ್ಲ, ದೊಡ್ಡ ಮಷೀನಿಗೆ ಕಳಸ್ಬೇಕು. ಆದ್ರ ಮೊಯ್ಸನೈಟ್ ಅಲ್ಲ, ವಜ್ರ ಅನ್ನೂದು ಖರೇ’ ಅಂದೆ.

ವಸಂತರಾವ್ ಬೆವರು ಒರೆಸಿಕೊಂಡು ಥಟ್ಟನೆ ದಾರಿ ಹುಡುಕಿದರು. ‘ಹಂಗಾದ್ರ ನಮ್ಮ ನೆಲದ ವಜ್ರ ತಗೊಂಡು ಲ್ಯಾಬಿಂದು ಇಟ್ಟಾನ! ಭಾಳ ಶಾಣ್ಯಾ ಅದಾನ!’

ಒಂದು ಸುಳ್ಳು ಸತ್ತ ಕೂಡಲೇ ಇನ್ನೊಂದು! ನನಗೆ ತಡೆಯಲಾಗಲಿಲ್ಲ.

‘ಸಾವಕಾರ್ರ, ಮೊನ್ನೆ ನಿಮ್ಮ ಕೋಣ್ಯಾಗ ನಾ ಜಲಜನಕ ಅಂದ ಕೂಡ್ಲೆ ನೀವ ಏನಂದ್ರಿ? “ಕುದಿಸೇ ಕಳಸ್ತೀವಿ ಅಂದಿದ್ರಲ್ಲ” ಅಂದ್ರಿ. ಯಾರ್ರಿ ಹಂಗಂದವ್ರು? ಮಲ್ಲಪ್ಪ ಅಂದಿದ್ನೇನು? ನಿಮಗ ಈ ಹರಳ ಕೊಟ್ಟವ್ರ ಅಂದಿರಬೇಕಲ್ಲ!’

‘ನಾ ಹಂಗ ಅಂದೇ ಇಲ್ಲ’ ಅಂದರು.

‘ಭಾಳ ಚಲೋ ಆತು. ಕಾರು ನಿಂತೈತಿ, ನೀವ ತರ್ಸಿದ್ದು. ನಮ್ಮ ಮನಿ ದೇವ್ರು ಬ್ಯಾರೆ, ಆದ್ರೂ ನಾ ಯಡೂರಿಗೆ ಬರ್ತೀನಿ. ನೀವ ಅಂದದ್ದು ಕೇಳೀನಿ ಅಂತ ವೀರಭದ್ರನ ಮುಂದ ನಾ ಆಣಿ ಮಾಡ್ತೀನಿ. ಬದಲಿ ಮಾಡಿಲ್ಲ ಅಂತ ಮಲ್ಲಪ್ಪ ಮಾಡ್ಲಿ. ಅಂದಿಲ್ಲ ಅಂತ ನೀವ ಮಾಡ್ರಿ. ದೇವ್ರು ನೋಡ್ಕೊಳ್ತಾನ ಅಂತ ನೀವ ಅಂದದ್ದಲ್ಲೇನ್ರಿ?’

ಪೇಟೆಯ ಹಿರಿಯರಲ್ಲಿ ಒಬ್ಬರು, ‘ಹೌದ್ರಿ, ಅಕ್ಕಾರ ಅನ್ನೂದು ಬರೊಬ್ಬರಿ ಐತಿ. ನಡೀರಿ’ ಅಂದರು. ನಾವು ಹೊರಗೆ ಬಂದೆವು. ಸುನಂದಾಬಾಯಿ ಕಾರಿನ ಬಾಗಿಲು ತೆಗೆದು, ‘ಮಲ್ಲಪ್ಪಣ್ಣ, ನೀವು ಮೊದಲ ಹತ್ರಿ’ ಅಂದರು. ಅವನು ಹತ್ತಿ ಕಿಟಕಿಯ ತನಕ ಸರಿದು ಕೂತ. ಪಕ್ಕದ ಸೀಟನ್ನು ಕೈಯಿಂದ ಒರೆಸಿ, ‘ಬರ್ರಿ ಸಾವಕಾರ್ರ, ಜಾಗ ಐತಿ’ ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ವಸಂತರಾವ್ ಮೆಟ್ಟಿಲ ಮೇಲೆ ನಿಂತಿದ್ದರು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದರು, ಇನ್ನೊಂದು ಕಾಲು ಬರಿದಾಗಿತ್ತು. ಎಲ್ಲರೂ ಕಾದರು.

‘ಇವತ್ತ ಅಂಗಡ್ಯಾಗ ಭಾಳ ಕೆಲಸ ಐತಿ, ನೀವ ಹೋಗಿ ಬರ್ರಿ’ ಅಂದರು ಕೊನೆಗೆ.

ಅಂದು ಪೇಢಿಗೆ ರಜೆ. ಅವರ ಬೆನ್ನ ಹಿಂದೆ ಶಟರು ಅರ್ಧಕ್ಕೆ ಇಳಿದೇ ಇತ್ತು.